ಐದನೆಯವನ ಹೆಗಲು

ನವೆಂಬರ್ 6

ಈ ಕಥೆಯನ್ನು ಮೊದಲು ಹೇಳಿದವರು ಕುಟ್ಟಪ್ಪಣ್ಣ. ಹೋದ ವರ್ಷ ತುಲಾ ಸಂಕ್ರಮಣದ ಮಾರನೆಯ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ನಮ್ಮ ಜೀಪ್ ಸ್ಟ್ಯಾಂಡಿನ ಎದುರಿಗಿರುವ ವನಜಮ್ಮನ ಹೋಟೆಲಿನಲ್ಲಿ. ಇಂದು ಬೆಟ್ಟದ ದಾರಿಯಲ್ಲಿ ಗಾಡಿ ಮುರಿದುಕೊಂಡು ಕೂತಾಗಿನಿಂದ ಆ ಕಥೆಯೇ ತಲೆಯಲ್ಲಿ ತಿರುಗುತ್ತಿದೆ. ಓಡಿದ ಕಿಲೋಮೀಟರ್ ಬರೆಯುವ ಪುಸ್ತಕದಲ್ಲೇ ಇದನ್ನು ಬರೆಯುತ್ತಿದ್ದೇನೆ. ಇನ್ನು ಕೆಲವು ದಿನ ಅದರಲ್ಲಿ ಬರೆಯಲು ಕಿಲೋಮೀಟರ್ ಇರುವುದಿಲ್ಲ.

ಆ ದಿನ ನಾನು ಅವರನ್ನು ಕೇಳಿದ್ದು ಕಥೆಯನ್ನಲ್ಲ. ಗಾಡಿಗೆ ಐದೂ ಟೈರು ಹೊಸದಾಗಿ ಹಾಕಿಸಿ ಐದು ಸಾವಿರ ಕಿಲೋಮೀಟರ್ ಆಗಿತ್ತು. "ಕುಟ್ಟಪ್ಪಣ್ಣ, ಟೈರ್ ರೊಟೇಷನ್ ಮಾಡಿಸ್ಲಾ? ಹಿಂದಿಂದು ಮುಂದೆ, ಮುಂದಿಂದು ಹಿಂದೆ ಹಾಕ್ತಾರಲ್ಲ. ನಮ್ಮ ಫೋರ್‌ವೀಲ್ ಗಾಡಿಗೆ ಅದೆಲ್ಲ ಬೇಕಾ?" ಎಂದು ಕೇಳಿದೆ. ಅವರು ಟೀ ಲೋಟ ಕೆಳಗಿಟ್ಟು, ಮೀಸೆ ಒರೆಸಿಕೊಂಡು, "ಒಂದೂರಲ್ಲಿ ಐದು ಜನ ಅಣ್ಣತಮ್ಮಂದಿರು ಇದ್ರು" ಎಂದು ಶುರು ಮಾಡಿದರು. ಕಥೆ ಎಂದರೆ ನಾನು ಕೈಯಲ್ಲಿರುವ ಬೋಂಡ ಬಿಡುವವನು. ನನಗೆ ಜೀಪ್ ಓಡಿಸಲು ಕಲಿಸಿದವರೂ ಅವರೇ, ಕಥೆ ಹೇಳಲು ಕಲಿಸಿದವರೂ ಅವರೇ.

ಆ ಐವರು ದೊರೆಯ ಪಲ್ಲಕ್ಕಿ ಹೊರುವವರು. ನಾಲ್ವರ ಹೆಗಲು ನಾಲ್ಕು ಮೂಲೆಗೆ. ಐದನೆಯವನು ಕೊಡೆ ಹಿಡಿದು ಹಿಂದೆ ಬರುವವನು. ಯಾರಿಗೆ ಯಾವ ಮೂಲೆ ಬಂತೋ ಅದೇ ಮೂಲೆ, ಮದುವೆಯಾದ ಹಾಗೆ. ಹೀಗಿರುವಾಗ ಅರಮನೆಗೆ ಹೊಸ ಮಂತ್ರಿ ಬಂದ. ಹೊಸಬನಲ್ಲವೇ, ಸುಮ್ಮನಿರಲಾರ. "ಎಲ್ಲರೂ ಜಾಗ ಬದಲಾಯಿಸಿಕೊಳ್ಳಿ, ಭಾರ ಸಮನಾಗಿ ಹೊರಿ" ಎಂದ. ಎಡಗಡೆಯವನು ಬಲಕ್ಕೆ ಬಂದ, ಮುಂದಿನವನು ಹಿಂದಕ್ಕೆ ಹೋದ. ಹತ್ತು ಹೆಜ್ಜೆ ನಡೆಯುವುದರಲ್ಲಿ ಒಬ್ಬನ ಕಾಲಿಗೆ ಇನ್ನೊಬ್ಬನ ಕಾಲು ಸಿಕ್ಕಿ ಪಲ್ಲಕ್ಕಿ ಕೆಸರಿಗೆ ಬಿತ್ತು. ದೊರೆ ಬಾಯಿ ತುಂಬ ಎಲೆಅಡಿಕೆ, ಮೀಸೆ ತುಂಬ ಕೆಸರು ಮಾಡಿಕೊಂಡು ಎದ್ದು ನಿಂತು ಕೂಗಿದ: "ಯಾವನ ಹೆಗಲು ಎಲ್ಲಿತ್ತೋ ಅಲ್ಲೇ ಇರ್ಲಿ ಕಣ್ರೋ!"

ದೊರೆಯ ಮಾತನ್ನು ಕುಟ್ಟಪ್ಪಣ್ಣ ಕೆನ್ನೆ ಉಬ್ಬಿಸಿಕೊಂಡು ಹೇಳಿದ ರೀತಿಗೆ ವನಜಮ್ಮ ಒಲೆ ಬಿಟ್ಟು ಬಂದು ನಕ್ಕಳು. ನನಗೆ ಕಣ್ಣಲ್ಲಿ ನೀರು. "ಅರ್ಥ ಆಯ್ತಾ?" ಎಂದರು. ಆಯಿತು ಎಂದೆ. ಟೈರು ಮುಟ್ಟಲಿಲ್ಲ. ಆಮೇಲೆ ಅದೇ ಕಥೆಯನ್ನು ನಾನೂ ಸ್ಟ್ಯಾಂಡಿನಲ್ಲಿ ಹತ್ತಾರು ಸಲ ಹೇಳಿದೆ. ಯಾರೂ ಟೈರು ಮುಟ್ಟಲಿಲ್ಲ.

ಇಂದು ಬೆಳಿಗ್ಗೆ ಮೈಸೂರಿನ ಐದು ಜನರನ್ನು ಹತ್ತಿಸಿಕೊಂಡು ಮುಗಿಲುಕಲ್ಲು ಬೆಟ್ಟಕ್ಕೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಮುಂದಿನ ಬಲಗಡೆಯ ಟೈರು ಚೂಪು ಕಲ್ಲಿಗೆ ಹರಿಯಿತು. ಸ್ಟೆಪ್ನಿ ಇಳಿಸಿ ಹಾಕಿದೆ. ಒಂದು ವರ್ಷದಿಂದ ಗಾಡಿಯ ಬೆನ್ನಿಗೆ ನೇತುಬಿದ್ದಿದ್ದ ಟೈರು, ಅದರ ಮೈಮೇಲಿನ ರಬ್ಬರ್ ಕೂದಲು ಕೂಡ ಉದುರಿರಲಿಲ್ಲ. ಕಡಿದಾದ ಕಾಂಕ್ರೀಟ್ ತಿರುವುಗಳು ಬಂದಾಗ ಎಂದಿನಂತೆ ಫೋರ್‌ವೀಲ್ ಹಾಕಿದೆ. ಯಾರೋ ಹಿಂದಿನಿಂದ ಅಂಗಿ ಹಿಡಿದು ಎಳೆದ ಹಾಗೆ ಗಾಡಿ ಬಿಗಿಯಿತು. ಮೂರನೇ ತಿರುವಿನಲ್ಲಿ ಒಣಬಿದಿರು ಮುರಿದ ಶಬ್ದ. ಇಳಿದು ನೋಡಿದರೆ ಕಾಂಕ್ರೀಟಿನ ಮೇಲೆ ಎಣ್ಣೆ ಹರಿಯುತ್ತಿದೆ.

ಚಾರಣದವರನ್ನು ಮೇಲೆ ಬಿಟ್ಟು ಖಾಲಿ ಇಳಿಯುತ್ತಿದ್ದ ಕುಟ್ಟಪ್ಪಣ್ಣ ಗಾಡಿ ನಿಲ್ಲಿಸಿದರು. ಇಳಿದವರು ಮೊದಲು ನನ್ನ ಮುಂದಿನ ಬಲ ಚಕ್ರ ನೋಡಿದರು, ಆಮೇಲೆ ನನ್ನ ಮುಖ. "ಹೆದರ್ಬೇಡ ಅಶ್ವಥ, ನಾನಿದ್ದೀನಲ್ಲ" ಎಂದು ನನ್ನ ಐದೂ ಜನರನ್ನು ತಮ್ಮ ಗಾಡಿಗೆ ಹತ್ತಿಸಿಕೊಂಡು ಮತ್ತೆ ಬೆಟ್ಟ ಏರಿದರು. ದೇವರಂಥ ಮನುಷ್ಯ.

ನವೆಂಬರ್ 7

ಗಾಡಿಯನ್ನು ಎಳೆಸಿಕೊಂಡು ಕುಶಾಲನಗರದ ಮಹೇಶನ ವರ್ಕ್‌ಶಾಪಿಗೆ ತಂದು ಹಾಕಿದ್ದೇನೆ. ಇಂಜಿನ್ನಿನ ಎಳೆತವನ್ನು ಮುಂದಿನ ಚಕ್ರಗಳಿಗೂ ಹಂಚುವ ಫೋರ್‌ವೀಲ್ ಪೆಟ್ಟಿಗೆ ಒಡೆದಿದೆ. ಒಳಗಿನ ಸಾಮಾನು ಕೊಯಮತ್ತೂರಿನಿಂದ ಬರಬೇಕು.

ಮಹೇಶ ಐದೂ ಟೈರುಗಳನ್ನು ಗೋಡೆಗೆ ಒರಗಿಸಿ ಸಾಲಾಗಿ ನಿಲ್ಲಿಸಿದ. ಮೇಲೆ ಒಂದು ಹಲಗೆ ಇಟ್ಟ. ಹಲಗೆ ಕುಂಟಿತು.

"ನೋಡಣ್ಣ. ಹೊಸದು ಎತ್ತರ, ಸವೆದದ್ದು ಗಿಡ್ಡ. ಗಿಡ್ಡ ಇರೋದು ಅಷ್ಟೇ ದೂರಕ್ಕೆ ಜಾಸ್ತಿ ಸುತ್ತು ಸುತ್ತಬೇಕು. ನೀವು ಫೋರ್‌ವೀಲ್ ಹಾಕಿ, ಹಿಂದೂ ಮುಂದೂ ಒಂದೇ ಸಮ ಸುತ್ತಿ ಅಂತೀರ. ಮಣ್ಣು ರೋಡಲ್ಲಾದ್ರೆ ಜಾರಿ ಸರಿ ಮಾಡ್ಕೊಳ್ತವೆ. ಕಾಂಕ್ರೀಟಲ್ಲಿ ಎಲ್ಲಿ ಜಾರ್ತವೆ? ಜಗಳ ಎಲ್ಲ ಪೆಟ್ಟಿಗೆ ಒಳಗೆ."

"ಒಂದು ದಿನಕ್ಕೆ ಹಿಂಗಾಯ್ತಾ?"

"ಒಂದು ದಿನದ್ದಲ್ಲ. ಮುಂದಿನವಕ್ಕೂ ಹಿಂದಿನವಕ್ಕೂ ವರ್ಷದಿಂದ ಜಗಳ ನಡೀತಿದೆ. ನಿನ್ನೆ ಸ್ಟೆಪ್ನಿ ಬಂದು ಕೈ ಮಿಲಾಯಿಸಿದೆ, ಅಷ್ಟೇ. ರೊಟೇಷನ್ ಯಾಕೆ ಮಾಡಿಸ್ಲಿಲ್ಲ?"

ಪಲ್ಲಕ್ಕಿಯ ಕಥೆ ಹೇಳಿದೆ. ಅವನು ನಗಲಿಲ್ಲ. ನಾನು ಸರಿಯಾಗಿ ಹೇಳಲಿಲ್ಲವೇನೋ.

ಸಾಮಾನು ಹತ್ತು ಹನ್ನೆರಡು ದಿನಕ್ಕೆ ಬರಬಹುದು ಎಂದ. ನಮ್ಮ ಸ್ಟ್ಯಾಂಡಿನಲ್ಲಿ ಎಂಟೇ ನಂಬರು. ಸೀಸನ್ನಿನಲ್ಲಿ ಹದಿನೈದು ದಿನ ಒಂದೇ ಸಮನೆ ಗಾಡಿ ಬರದಿದ್ದರೆ ನಂಬರು ಕಾಯುವ ಪಟ್ಟಿಯಲ್ಲಿ ಮೊದಲಿರುವವರಿಗೆ ಹೋಗುತ್ತದೆ. ನನ್ನದು ನಾಲ್ಕನೇ ನಂಬರು. ಹದಿನಾರು ವರ್ಷದಿಂದ ಗಾಡಿಯ ಮುಂದೆ ನೇತಾಡುತ್ತಿರುವ ತಗಡು ಅದು. ಅದಿಲ್ಲದೆ ಬೆಟ್ಟಕ್ಕೆ ಒಬ್ಬರನ್ನೂ ಹತ್ತಿಸುವಂತಿಲ್ಲ. ಈ ತಿಂಗಳ ಇಪ್ಪತ್ತೊಂದರ ಸಂಜೆಯೊಳಗೆ ಗಾಡಿ ಸ್ಟ್ಯಾಂಡಿನಲ್ಲಿ ನಿಂತಿರಬೇಕು. ಈ ನಿಯಮ ಮಾಡಿದಾಗ ಕೈ ಎತ್ತಿದವರಲ್ಲಿ ನಾನೂ ಒಬ್ಬ. ಸ್ಟ್ಯಾಂಡಿನ ಪಟ್ಟಿ ನೋಡಿಕೊಳ್ಳುವವರು ಕುಟ್ಟಪ್ಪಣ್ಣ, ಏನಾದರೂ ದಾರಿ ಮಾಡುತ್ತಾರೆ.

ನವೆಂಬರ್ 9

ಮಹೇಶ ಪೆಟ್ಟಿಗೆ ಬಿಚ್ಚುತ್ತಾ ಸುಮ್ಮನೆ ಹೇಳಿದ ಮಾತು. "ನಿಮ್ಮ ಸ್ಟ್ಯಾಂಡಲ್ಲಿ ಟೈರು ಸರಿಯಾಗಿ ನೋಡ್ಕೊಳ್ಳೋದು ಕುಟ್ಟಪ್ಪಣ್ಣ ಒಬ್ರೇ. ಐದೈದು ಸಾವಿರಕ್ಕೆ ತಪ್ಪಿಸೋರಲ್ಲ. ಸ್ಟೆಪ್ನಿ ಕೂಡ ಸೇರ್ಸಿ ಐದಕ್ಕೂ."

"ಯಾವ ಕುಟ್ಟಪ್ಪಣ್ಣ?"

"ಎಷ್ಟು ಜನ ಇದ್ದಾರೆ ನಿಮ್ಗೆ?"

ಗೋಡೆಯ ಮೇಲೆ ಅವನು ಬರೆದುಕೊಳ್ಳುವ ದೊಡ್ಡ ಕ್ಯಾಲೆಂಡರ್ ಇದೆ. ಹೋದ ವರ್ಷದ್ದು ಅದರ ಹಿಂದೆಯೇ ನೇತಾಡುತ್ತಿತ್ತು. ತಿರುವಿ ನೋಡಿದೆ. ತುಲಾ ಸಂಕ್ರಮಣ ಕಳೆದು ಮೂರನೆಯ ದಿನದ ಮನೆಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದೆ: ಕುಟ್ಟಪ್ಪಣ್ಣ, ರೊಟೇಷನ್, 5.

ನನಗೆ ಕಥೆ ಹೇಳಿ ಎರಡು ದಿನಕ್ಕೆ.

ನವೆಂಬರ್ 10

ಸ್ಟ್ಯಾಂಡಿಗೆ ಹೋಗಲಿಲ್ಲ.

ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ಕೀರ್ತಿಕುಮಾರನದು, ಕುಟ್ಟಪ್ಪಣ್ಣನ ಅಳಿಯ. ಹೋದ ವರ್ಷ ಮದುವೆ ಮಾಡಿಕೊಟ್ಟು ಜೀಪ್ ಕೊಡಿಸಿದರು. ಆ ಮದುವೆಯಲ್ಲಿ ದಿಬ್ಬಣದವರನ್ನು ನಗಿಸಿದ್ದು ನಾನೇ.

ಆ ದಿನ ಬೆಟ್ಟದಲ್ಲಿ ಕುಟ್ಟಪ್ಪಣ್ಣ ಗಾಡಿ ಇಳಿದಾಗ ಮೊದಲು ನೋಡಿದ್ದು ಸ್ಟೆಪ್ನಿಯನ್ನು.

ನವೆಂಬರ್ 12

ಕುಟ್ಟಪ್ಪಣ್ಣನನ್ನು ಕೇಳಿಬಿಟ್ಟೆ. ವನಜಮ್ಮನ ಹೋಟೆಲಿನಲ್ಲಿ ನಾಲ್ಕೈದು ಡ್ರೈವರುಗಳಿದ್ದರು.

"ಬಾ ಅಶ್ವಥ, ಕೂತ್ಕೋ. ವನಜಮ್ಮ, ಇವ್ನಿಗೊಂದು ಟೀ."

"ಟೀ ಬೇಡ. ನೀವು ನಿಮ್ಮ ಗಾಡಿಗೆ ರೊಟೇಷನ್ ಮಾಡಿಸ್ತೀರಂತೆ."

"ಹೂಂ, ಮಾಡಿಸ್ತೀನಿ."

"ಐದೂ ಟೈರಿಗೆ?"

"ಐದಕ್ಕೂ."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆ ಎಂದುಕೊಂಡಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಮತ್ತೆ ನಂಗೆ ಬೇಡ ಅಂದ್ರಿ?"

"ನಾನೆಲ್ಲಿ ಬೇಡ ಅಂದೆ ಮಾರಾಯ? ಸ್ವಲ್ಪ ಯೋಚ್ನೆ ಮಾಡಿ ನೋಡು. ನಾನು ಟೈರಿನ ಮಾತೇ ಎತ್ಲಿಲ್ಲ. ಒಂದು ಕಥೆ ಹೇಳ್ದೆ. ನೀನು ನಕ್ಕೆ, ಎದ್ದು ಹೋದೆ."

"ಟೈರಿನ ವಿಷ್ಯ ಕೇಳಿದ್ರೆ ಆ ಕಥೆ ಯಾಕೆ ಹೇಳಿದ್ರಿ?"

"ಚೆಂದ ಇತ್ತು ಅಂತ."

ವನಜಮ್ಮ ಜಾಲರಿ ಸೌಟು ಹಿಡಿದು ಬಂದಳು. "ಅಲ್ಲ ಕುಟ್ಟಪ್ಪಣ್ಣ, ಅವತ್ತು ಅರ್ಥ ಆಯ್ತಾ ಅಂತ ಕೇಳಿದ್ರಿ ನೀವು. ನಾನೂ ಇದ್ದೆ ಇಲ್ಲೇ."

"ನೀನು ನಿನ್ನ ಬೋಂಡ ನೋಡ್ಕೋ ವನಜಮ್ಮ, ನನ್ನ ಟೈರಿಗಿಂತ ಕಪ್ಪಾಗ್ತಾ ಉಂಟು."

ಎಲ್ಲರೂ ನಕ್ಕರು. ಅವರ ಮಾತಿಗೆ ನಗದೆ ಇರುವುದು ಕಷ್ಟ. ನನ್ನ ತುಟಿಯೂ ಅರಳಿತು. ಅದಕ್ಕೇ ಹೆಚ್ಚು ಸಿಟ್ಟು ಬಂತು.

ನಂಬರಿಗೆ ಇನ್ನೊಂದು ವಾರ ಕೊಡಿ ಎಂದು ಕೇಳಿದೆ. "ನಿಯಮ ನಾನೊಬ್ಬ ಮಾಡಿದ್ದಲ್ಲ. ನೀನೂ ಕೈ ಎತ್ತಿದ್ದೆ. ಈ ಕೈ" ಎಂದು ನನ್ನ ಬಲಗೈಯನ್ನು ಹಿಡಿದು ಮೇಲೆತ್ತಿ ತೋರಿಸಿದರು. ಗೇರ್ ಹಾಕಲು ಕಲಿಸುವಾಗಲೂ ಹೀಗೆಯೇ ಕೈ ಹಿಡಿಯುತ್ತಿದ್ದರು.

ನವೆಂಬರ್ 14

ಈ ಕಥೆಯನ್ನು ಮೊದಲು ಹೇಳಿದವರು ಕುಟ್ಟಪ್ಪ ಅಲ್ಲ. ಮೇಲೆ ತಪ್ಪು ಬರೆದಿದ್ದೇನೆ.

ಅವನು ಹರೆಯದಲ್ಲಿ ತಿತಿಮತಿ ಹತ್ತಿರದ ಎಸ್ಟೇಟ್ ಒಂದರಲ್ಲಿ ಡ್ರೈವರಾಗಿದ್ದ. ತನ್ನ ಕಥೆಗಳೆಲ್ಲ ಅಲ್ಲಿ ಕಾಫಿ ಪಿಕ್ಕಿಂಗಿಗೆ ಬರುತ್ತಿದ್ದ ಹುಚ್ಚಮ್ಮ ಎಂಬಾಕೆಯಿಂದ ಬಂದದ್ದು ಎಂದು ಒಮ್ಮೆ ಹೇಳಿದ್ದ. ಎರಡು ಬಸ್ಸು ಬದಲಿಸಿ ಹೋದೆ. ಹುಚ್ಚಮ್ಮ ಈಗ ಮೊಮ್ಮಗಳ ಮನೆಯಲ್ಲಿದ್ದಾಳೆ. ಜಗಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದಳು. ಕಣ್ಣು ಮಂದ, ಬಾಯಿ ಚುರುಕು.

"ಐದು ಜನ ಪಲ್ಲಕ್ಕಿಯೋರ ಕಥೆನಾ? ಎಲ್ಲಿಗಂಟ ಕೇಳಿದ್ದೀಯ ಮಗ?"

"ದೊರೆ ಕೆಸರಲ್ಲಿ ಬಿದ್ದು ಬೈಯೋ ತನಕ ಅಜ್ಜಿ."

"ಅಲ್ಲಿಗೆ ಅರ್ಧ ಆಯ್ತು ಕಣಪ್ಪ. ಅದು ಮಕ್ಳನ್ನ ನಗ್ಸೋಕೆ. ಇನ್ನರ್ಧ ಹೇಳ್ದೇ ಇದ್ರೆ ಆ ಕಥೆ ಯಾಕೆ?"

ಇನ್ನರ್ಧ ಹೀಗಿದೆ. ದೊರೆ ಬೈದ ಮೇಲೆ ಅಣ್ಣತಮ್ಮಂದಿರು ಹಳೆಯ ಮೂಲೆಗಳಿಗೆ ಹೋದರು. ವರ್ಷಗಳು ಕಳೆದವು. ಘಟ್ಟ ಇಳಿಯುವಾಗ ಭಾರವೆಲ್ಲ ಮುಂದಿನವರ ಮೇಲೆ. ಅವರ ಹೆಗಲು ಇಳಿಯಿತು, ಬೆನ್ನು ಬಾಗಿತು, ಒಬ್ಬೊಬ್ಬ ಒಂದೊಂದು ಎತ್ತರಕ್ಕೆ ಬಂದ. ಕೊಡೆ ಹಿಡಿದ ಐದನೆಯವನು ಮಾತ್ರ ನೆಟ್ಟಗೆ ಬಿದಿರಿನ ಹಾಗೆ ಉಳಿದ. ಒಂದು ದಿನ ಘಟ್ಟದ ನಡುವೆ ಮುಂದಿನ ಬಲಗಡೆಯವನು ಜ್ವರ ಬಂದು ಬಿದ್ದ. ಐದನೆಯವನು ಕೊಡೆ ಎಸೆದು ಹೆಗಲು ಕೊಟ್ಟ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟ. ಆದರೆ ಅವನ ಹೆಗಲು ಮಿಕ್ಕವರಿಗಿಂತ ಗೇಣು ಎತ್ತರ, ಅವನ ಹೆಜ್ಜೆ ಗೇಣು ಉದ್ದ. ಪಲ್ಲಕ್ಕಿ ಓರೆಯಾಯಿತು, ಒಬ್ಬ ಎಳೆದ ಕಡೆಗೆ ಇನ್ನೊಬ್ಬ ಬರಲಾರ, ಹೊರುವ ಕಂಬ ನಡುವೆ ಮುರಿಯಿತು. ದೊರೆ ನಡೆದೇ ಊರು ಸೇರಿದ. ಐವರೂ ಕೆಲಸ ಕಳೆದುಕೊಂಡು ಮನೆಗೆ ಬಂದಾಗ ತಾಯಿ ಅವರನ್ನು ಗೋಡೆಗೆ ನಿಲ್ಲಿಸಿ, ಒಬ್ಬೊಬ್ಬರ ಹೆಗಲು ಮುಟ್ಟಿ ನೋಡಿದಳು. "ಒಂದು ಸಲ ಬಿದ್ರಿ ಅಂತ ಬಿಟ್ಟುಬಿಟ್ರಲ್ಲೋ. ಮೊದ್ಲಿಂದ ಮೂಲೆ ಬದ್ಲಾಯಿಸ್ಕೊಂಡು ಬಂದಿದ್ರೆ ಐದೂ ಜನ ಒಂದೇ ಸಮ ಕುಗ್ಗುತಿದ್ರಿ. ಕುಗ್ಗಿದ್ರೂ ಪಲ್ಲಕ್ಕಿ ನಡೀತಿತ್ತು."

ಹುಚ್ಚಮ್ಮ ತಾಯಿಯ ಮಾತು ಹೇಳುವಾಗ ದನಿ ಏರಿಸಲಿಲ್ಲ. ಮೆಣಸು ಬಿಡಿಸುವುದನ್ನೂ ನಿಲ್ಲಿಸಲಿಲ್ಲ. ಕಥೆ ಹೇಳುವುದು ಎಂದರೆ ಅದು.

"ಕುಟ್ಟಪ್ಪನಿಗೆ ಇದು ಪೂರ್ತಿ ಹೇಳಿದ್ರಾ ಅಜ್ಜಿ?"

"ಜೀಪಿನ ಕುಟ್ಟಪ್ಪಂಗಾ? ಮೂರು ಸಲ ಹೇಳಿಸ್ಕೊಂಡ. ಒಂದು ಮಾತು ಬಿಟ್ರೂ ಇದು ಬಿಟ್ಟೆ ಹುಚ್ಚಮ್ಮ ಅಂತಿದ್ದ. ಚೆಂದಾಗಿದ್ದಾನಾ?"

ಚೆನ್ನಾಗಿದ್ದಾನೆ ಎಂದೆ.

ನವೆಂಬರ್ 18

ಕೊಯಮತ್ತೂರಿನಿಂದ ಸಾಮಾನು ಬಂತು. ಬೇರೆ ಮಾದರಿಯದು. ವಾಪಸ್ ಕಳಿಸಿದ್ದಾಯಿತು.

ನವೆಂಬರ್ 20

ಹೆಂಡತಿ ವೀಣಾ ಅಂಗನವಾಡಿಯಿಂದ ಬಂದು ಊಟಕ್ಕೆ ಬಡಿಸುತ್ತಾ ಹೇಳಿದಳು: "ರೀ, ಉಣ್ಣೋವಾಗ ಒಂದು ಕಥೆ ಇಲ್ದೆ ತುತ್ತು ಇಳೀತಿರ್ಲಿಲ್ಲ ನಿಮಗೆ. ಈಗ ಹದಿನೈದು ದಿನದಿಂದ ಬರೀ ಅನ್ನ ಕಲಸ್ತೀರ."

ಕಥೆ ಹೇಳಿ ಏನಾಗಬೇಕಾಗಿದೆ ಎಂದೆ.

"ನಾನು ಕೇಳಿದ್ದಕ್ಕೆ ಹಿಂಗಂತೀರಲ್ಲ" ಎಂದು ಎದ್ದು ಹೋದಳು. ನಾನು ಎಂದಿನಂತೆಯೇ ಇದ್ದೇನೆ. ಇವರಿಗೆಲ್ಲ ಏನಾಗಿದೆಯೋ.

ನವೆಂಬರ್ 22

ನಂಬರು ಹೋಯಿತು.

ಬೆಳಿಗ್ಗೆ ಕೀರ್ತಿಕುಮಾರ ಮನೆಗೆ ಬಂದ. ಒಳಗೆ ಬರಲಿಲ್ಲ. ಗೇಟಿನ ಹತ್ತಿರ ನಿಂತು, "ಅಶ್ವಥಣ್ಣ, ಮಾವ ತಗಡು ಇಸ್ಕೊಂಡು ಬಾ ಅಂದ್ರು. ನಂಗೊಂಥರ ಆಗ್ತಿದೆ. ಅಣ್ಣನಿಗೆ ಇನ್ನಷ್ಟು ದಿನ ಕೊಡಿ ಅಂತ ನಾನೂ ಹೇಳ್ದೆ, ದೇವ್ರಾಣೆ" ಎಂದ. ಹುಡುಗನಂತೆ ಕಾಣುವ ಮೂವತ್ತು ವರ್ಷದ ಗಂಡಸು, ಕಣ್ಣು ಕೆಳಗೆ ಹಾಕಿಕೊಂಡಿದ್ದ.

ನಾಲ್ಕನೇ ನಂಬರಿನ ತಗಡನ್ನು ಬಟ್ಟೆಯಲ್ಲಿ ಒರೆಸಿ ಕೊಟ್ಟೆ. ಯಾಕೆ ಒರೆಸಿದೆನೋ.

"ಮಾವ ನಿಂಗೆ ಪಲ್ಲಕ್ಕಿ ಕಥೆ ಹೇಳಿದ್ದಾರಾ?" ಎಂದು ಕೇಳಿದೆ.

"ಯಾವ ಪಲ್ಲಕ್ಕಿ? ಅವ್ರು ನಂಗೆ ಕಥೆ ಎಲ್ಲಿ ಹೇಳ್ತಾರೆ. ಗಾಡಿ ತಗೊಂಡ ದಿನವೇ ಐದು ಸಾವಿರಕ್ಕೊಂದ್ಸಲ ರೊಟೇಷನ್ ಮಾಡ್ಸು, ಮರೀಬೇಡ ಅಂದ್ರು, ಅಷ್ಟೇ."

ತನ್ನವನಿಗೆ ನಾಲ್ಕು ಮಾತು. ನನಗೆ ಕಥೆ.

ನವೆಂಬರ್ 27

ಗಾಡಿ ಸಿದ್ಧವಾಯಿತು. ಎರಡು ಹಳೆಯ ಟೈರು ಕೊಂಡು, ಎಲ್ಲವನ್ನೂ ಅಳೆದು, ಒಂದೇ ಎತ್ತರದ ನಾಲ್ಕನ್ನು ಕೆಳಗೆ ಹಾಕಿಸಿದೆ. ಮಹೇಶ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ತೋರಿಸಿದ. ಸ್ಟೆಪ್ನಿ ಹಿಂದಿನ ಬಲಕ್ಕೆ. ಹಿಂದಿನ ಬಲದ್ದು ನೇರ ಮುಂದಿನ ಬಲಕ್ಕೆ. ಮುಂದಿನ ಬಲದ್ದು ಓರೆಯಾಗಿ ಹಿಂದಿನ ಎಡಕ್ಕೆ. ಹಿಂದಿನ ಎಡದ್ದು ಮುಂದಿನ ಎಡಕ್ಕೆ. ಮುಂದಿನ ಎಡದ್ದು ಬೆನ್ನಿಗೆ, ವಿಶ್ರಾಂತಿಗೆ. ಐದು ಸುತ್ತು ಮುಗಿದಾಗ ಪ್ರತಿ ಟೈರೂ ಎಲ್ಲ ಮೂಲೆ ನೋಡಿರುತ್ತದೆ. ಸುಲಭ. ಕಾಲು ಗಂಟೆಯಲ್ಲಿ ಕಲಿಯುವಂಥದ್ದು.

ಎಸ್ಟೇಟಿನವರ ಗೊಬ್ಬರ, ಏಣಿ, ಪಿಕ್ಕಿಂಗಿನ ಹೆಂಗಸರನ್ನು ಸಾಗಿಸುತ್ತಿದ್ದೇನೆ. ಬೆಟ್ಟದ ದಾರಿ ದೂರದಿಂದ ಕಾಣುತ್ತದೆ.

ಈಗ ಕಾಯುವ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.

ಡಿಸೆಂಬರ್ 2

ದಾರಿಯಲ್ಲಿ ಶೋಭಿತಾ ಸಿಕ್ಕಳು. ಮಾರಿಯಣ್ಣನ ಮಗಳು. ಅಪ್ಪನಿಗೆ ಮಂಡಿ ಕೈಕೊಟ್ಟ ಮೇಲೆ ಈ ಜೂನಿನಿಂದ ಅವಳೇ ಅವರ ಜೀಪ್ ಓಡಿಸುತ್ತಾಳೆ. ಎಂಟನೇ ನಂಬರು. ಗಾಡಿ ನಿಲ್ಲಿಸಿ ಇಳಿದು ಬಂದಳು. ನನಗೆ ಸಮಾಧಾನ ಹೇಳಲು ಬಂದಿದ್ದು ಅವಳೊಬ್ಬಳೇ ಎಂದು ಬರೆಯಬೇಕು.

"ಅಶ್ವಥಣ್ಣ, ನೀವಿಲ್ದೆ ಸ್ಟ್ಯಾಂಡಲ್ಲಿ ಮಜಾನೇ ಇಲ್ಲ. ಎಲ್ರೂ ಮೊಬೈಲ್ ನೋಡ್ಕೊಂಡು ಕೂತಿರ್ತಾರೆ." ಆಮೇಲೆ ತಲೆ ಕೆರೆದುಕೊಂಡು ಕೇಳಿದಳು: "ಒಂದು ವಿಷ್ಯ. ನಿಮ್ಮ ಗಾಡಿಗೆ ಹಿಂಗಾದ್ಮೇಲೆ ನಂಗೆ ಹೆದ್ರಿಕೆ. ಅಪ್ಪ ಟೈರ್ ಹಾಕ್ಸಿ ಎಷ್ಟೋ ಸಾವಿರ ಆಯ್ತು, ಒಂದ್ಸಲಾನೂ ಬದ್ಲಾಯಿಸಿಲ್ಲ. ಕೇಳಿದ್ರೆ ಅಶ್ವಥ ಹೇಳೋ ಪಲ್ಲಕ್ಕಿ ಕಥೆ ಕೇಳು ಅಂತಾರೆ. ಏನಣ್ಣ ಅದು?"

ಹೇಳಿದೆ. ದೊರೆ ಕೆಸರಿಗೆ ಬಿದ್ದಾಗ ಅವಳು ನನ್ನ ಗಾಡಿಯ ಬಾಗಿಲು ಬಡಿದು ನಕ್ಕಳು. ಎಷ್ಟು ದಿನವಾಗಿತ್ತು ಯಾರಾದರೂ ಹಾಗೆ ನಕ್ಕು. "ಯಾವನ ಹೆಗಲು ಎಲ್ಲಿತ್ತೋ ಅಲ್ಲೇ ಇರ್ಲಿ ಕಣ್ರೋ!" ಎಂದು ಅವಳೇ ಒಂದು ಸಲ ಹೇಳಿ ನೋಡಿದಳು.

"ಹಂಗಾದ್ರೆ ಮುಟ್ಟೋದು ಬೇಡ ಅಲ್ವಾ?"

ನಾನು ಬೇಡ ಎನ್ನಲಿಲ್ಲ. ಕಥೆ ಹೇಳಿದೆ, ಅಷ್ಟೇ. ಹೊತ್ತಾಗಿತ್ತು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಫೋನ್ ಮಾಡುತ್ತಿದ್ದ. ಇನ್ನರ್ಧ ಹೇಳಲು ಪುರಸೊತ್ತಿರಲಿಲ್ಲ.

ಡಿಸೆಂಬರ್ 7

ಸ್ಟ್ಯಾಂಡಿನ ಪಕ್ಕ ಹಾದು ಹೋಗುವಾಗ ಗಾಡಿ ನಿಧಾನ ಮಾಡಿದೆ. ಎಂಟನೇ ನಂಬರು ಕೊನೆಯಲ್ಲಿ ನಿಂತಿತ್ತು. ಮುಂದಿನ ಎರಡೂ ಸವೆದು ನುಣ್ಣಗಾಗಿವೆ, ಬಲಗಡೆಯದು ಹೆಚ್ಚು. ಸ್ಟೆಪ್ನಿಯ ಮೇಲೆ ರಬ್ಬರ್ ಕೂದಲು ಹಾಗೇ ಇದೆ. ನೋಡಿದೆ, ಅಷ್ಟೇ.

ಡಿಸೆಂಬರ್ 11

ಹುತ್ತರಿ ಹಬ್ಬ ಕಳೆದು ಬೆಟ್ಟಕ್ಕೆ ಜನ ಹೆಚ್ಚಿದ್ದಾರೆ. ಒಂದೊಂದು ಗಾಡಿಗೂ ನಾಲ್ಕು ನಾಲ್ಕು ಟ್ರಿಪ್ಪಂತೆ. ಕಾಂಕ್ರೀಟ್ ತಿರುವುಗಳಲ್ಲಿ ಕಲ್ಲು ಎದ್ದಿದೆಯಂತೆ.

ಶೋಭಿತಾ ಎದುರಿಗೆ ಸಿಕ್ಕಿ ಹಾರ್ನ್ ಹೊಡೆದು ಕೈ ಬೀಸಿದಳು. ನಾನೂ ಬೀಸಿದೆ. ಗಾಡಿ ತುಂಬ ಶಾಲೆ ಮಕ್ಕಳಿದ್ದರು.

ರಾತ್ರಿ ಊಟ ಸೇರಲಿಲ್ಲ. ಸಾಂಬಾರಿಗೆ ಹುಳಿ ಹೆಚ್ಚಾಗಿತ್ತು.

ಡಿಸೆಂಬರ್ 14

ಇಂದು ಹೇಳಿಬಿಟ್ಟೆ, ಪೂರ್ತಿ.

ಬೆಟ್ಟದ ದಾರಿಗೆ ಜಲ್ಲಿ ಹಾಕುತ್ತಿದ್ದರು. ಮಧ್ಯಾಹ್ನದ ಮೇಲೆ ಟ್ರಿಪ್ ಬಂದ್. ಎಂಟೂ ಗಾಡಿಯವರು ವನಜಮ್ಮನ ಹೋಟೆಲಿನಲ್ಲಿದ್ದರು. ಟೀ ಕುಡಿಯಲು ನಾನೂ ನಿಲ್ಲಿಸಿದೆ. ಎರಡನೇ ನಂಬರಿನ ನಾಗರಾಜು ನನ್ನನ್ನು ನೋಡಿ, "ಬಂದ್ರು ನೋಡಿ! ಅಶ್ವಥಣ್ಣ, ಒಂದು ಕಥೆ ಬಿಡಿ. ತಿಂಗ್ಳಾಯ್ತು" ಎಂದ.

ಕುಟ್ಟಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದ. "ಅವ್ನು ಕಥೆ ಬಿಟ್ಟಿದ್ದಾನೆ ಮಾರಾಯ. ವ್ರತ. ಮಾಲೆ ಹಾಕೋದೊಂದು ಬಾಕಿ" ಎಂದ. ಎಲ್ಲರೂ ನಕ್ಕರು.

ಈ ಸಲ ನನ್ನ ತುಟಿ ಅರಳಲಿಲ್ಲ. "ಒಂದೂರಲ್ಲಿ ಐದು ಜನ ಅಣ್ಣತಮ್ಮಂದಿರು ಇದ್ರು" ಎಂದು ಶುರು ಮಾಡಿದೆ. "ಅಯ್ಯೋ, ಇದು ಕೇಳಿದ್ದೇ" ಎಂದರು. "ಕೇಳಿಲ್ಲ, ಕೂತ್ಕೊಳ್ಳಿ" ಎಂದೆ. ಕೆಸರಿಗೆ ಬೀಳುವ ತನಕ ಎಂದಿನಂತೆ ಹೇಳಿದೆ. ನಗು ಮುಗಿಯುವುದಕ್ಕೆ ಮೊದಲೇ ಘಟ್ಟಕ್ಕೆ ಕರೆದೊಯ್ದೆ. ಇಳಿದ ಹೆಗಲು, ನೆಟ್ಟಗಿದ್ದ ಐದನೆಯವನು, ಮುರಿದ ಕಂಬ. ಹುಚ್ಚಮ್ಮನ ಹಾಗೆ ದನಿ ಏರಿಸದೆ ತಾಯಿಯ ಮಾತು ಹೇಳಿದೆ. ವನಜಮ್ಮ ಬೋಂಡ ತಿರುವುವುದನ್ನು ಮರೆತಳು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಕುಟ್ಟಪ್ಪನ ಕಡೆ ತಿರುಗಿ, "ಅರ್ಥ ಆಯ್ತಾ?" ಎಂದೆ.

ಅವನು ಲೋಟದ ತಳದ ಟೀಯನ್ನು ಅಲ್ಲಾಡಿಸುತ್ತಾ ಕೂತ. ಆಮೇಲೆ, "ತಾಯಿ ಮಾತು ಚೆಂದ ಹೇಳ್ದೆ. ಅದು ನಂಗೆ ಹಾಗೆ ಬರುದಿಲ್ಲ" ಎಂದ. ಅಳಿಯ ಅವನ ಮುಖ ನೋಡಿದ. ನಾಗರಾಜು ನೋಡಿದ. ವನಜಮ್ಮ ಸೌಟು ಹಿಡಿದೇ ನೋಡಿದಳು. ಅವನಿಗೆ ಇದೆಲ್ಲ ಗೊತ್ತಿತ್ತು ಎಂದು ಎಲ್ಲರಿಗೂ ತಿಳಿಯಿತು. ನನಗೆ ಬೇಕಾಗಿದ್ದು ಅಷ್ಟೇ.

ನಾಗರಾಜು ಕೇಳಿದ: "ಈ ಮಿಕ್ಕಿದ್ದು ನಿಮ್ಗೆ ಯಾವಾಗ ಗೊತ್ತಾಯ್ತು ಅಶ್ವಥಣ್ಣ?"

"ಹೋದ ತಿಂಗಳು. ಹದಿನಾಲ್ಕಕ್ಕೆ. ತಿತಿಮತಿ ತನಕ ಹೋಗಿ ತಿಳ್ಕೊಂಡು ಬಂದೆ."

"ತಿಂಗಳಾಯ್ತಾ?" ಎಂದ.

ಆಗಲೇ ನಾನು ನೋಡಿದ್ದು. ಬಾಗಿಲ ಹತ್ತಿರ, ಎಲ್ಲರ ಹಿಂದೆ, ಶೋಭಿತಾ ನಿಂತಿದ್ದಳು. ಟೀ ಲೋಟ ಕೈಯಲ್ಲಿ ಹಾಗೇ ಇತ್ತು. ಲೋಟವನ್ನು ಮೇಜಿನ ಮೇಲಿಟ್ಟು ಹೊರಗೆ ಹೋದಳು. ಕುಟ್ಟಪ್ಪನ ಮೇಲೆ ಸಿಟ್ಟು ಬಂದಿರಬೇಕು.

ಡಿಸೆಂಬರ್ 15

ಬೆಳಿಗ್ಗೆ ಆರೂವರೆಗೆ ಸ್ಟ್ಯಾಂಡಿಗೆ ಹೋದೆ. ಕಥೆ ಕೇಳಿದವರು ಏನು ಮಾಡುತ್ತಾರೆ ನೋಡೋಣ ಎಂದು. ಬೇಕಾಗಬಹುದೆಂದು ನನ್ನ ಜ್ಯಾಕ್, ಸ್ಪಾನರ್ ತೆಗೆದುಕೊಂಡೇ ಹೋದೆ.

ಆರು ಗಾಡಿಗಳು ಜ್ಯಾಕಿನ ಮೇಲಿದ್ದವು. ಮಂಜಿನಲ್ಲಿ ಚಕ್ರ ಬಿಚ್ಚಿದ ಗಾಡಿಗಳು ಮಂಡಿ ಊರಿದ ಆನೆಗಳ ಹಾಗೆ ಕಾಣುತ್ತಿದ್ದವು. ನಾಗರಾಜು ಇಬ್ಬರನ್ನು ಸೇರಿಸಿಕೊಂಡು, ಎತ್ತರ ಅಳೆದು, ಹೊಂದುವ ಟೈರುಗಳನ್ನು ಗಾಡಿಯಿಂದ ಗಾಡಿಗೆ ಉರುಳಿಸುತ್ತಿದ್ದ. ಕೀರ್ತಿಕುಮಾರನ ಗಾಡಿಗೂ ಕುಟ್ಟಪ್ಪನ ಗಾಡಿಗೂ ಬೇಕಿರಲಿಲ್ಲ. ಆದರೂ ಕೀರ್ತಿಕುಮಾರ ಬಂದು ಎಲ್ಲರ ಬೋಲ್ಟ್ ಬಿಗಿಯುತ್ತಿದ್ದ. ನಾಲ್ಕನೇ ನಂಬರಿನ ತಗಡನ್ನು ಅವನು ಗಾಡಿಯಿಂದ ಬಿಚ್ಚಿ ವನಜಮ್ಮನ ಹೋಟೆಲಿನ ಮೊಳೆಗೆ ನೇತುಹಾಕಿದ್ದ. ಸಂಜೆ ಎಲ್ಲರೂ ಕೂತು ಮಾತಾಡೋಣ ಎಂದನಂತೆ.

ಶೋಭಿತಾ ಒಬ್ಬಳೇ ಕೆಲಸ ಮಾಡುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ. "ಸ್ಟೆಪ್ನಿ ಹಿಂದಿನ ಬಲಕ್ಕೆ ಬರ್ಬೇಕು ಶೋಭಿತಾ. ಅಲ್ಲಿಂದು ಮುಂದಕ್ಕೆ. ಬಾ, ಗೆರೆ ಎಳೆದು ತೋರಿಸ್ತೀನಿ."

ಅವಳು ತಲೆ ಎತ್ತಲಿಲ್ಲ. ಬಾನೆಟ್ಟಿನ ಮೇಲೆ ಒಂದು ಹಳೆಯ ಪುಸ್ತಕ ತೆರೆದಿತ್ತು. ಜೀಪ್ ಕೊಂಡಾಗ ಕಂಪನಿಯವರು ಕೊಡುವ ಪುಸ್ತಕ. ಮಾರಿಯಣ್ಣ ಎಲ್ಲೋ ಅಟ್ಟದ ಮೇಲೆ ಹಾಕಿದ್ದಿರಬೇಕು, ಅಂಚನ್ನು ಗೆದ್ದಲು ತಿಂದಿತ್ತು. ಐದು ಚಕ್ರದ ಚಿತ್ರ, ಬಾಣದ ಗುರುತು. ಹಾಳೆ ಹಾರದಂತೆ ಮೇಲೆ ಒಂದು ಬೋಲ್ಟ್ ಇಟ್ಟಿದ್ದಳು.

"ಬೇಡ ಅಶ್ವಥಣ್ಣ. ಇದ್ರಲ್ಲಿ ಪೂರ್ತಿ ಇದೆ."

ಚಿತ್ರ ಸ್ಪಷ್ಟವಾಗಿದೆ ಎನ್ನುವುದಕ್ಕೆ ಹಾಗಂದಳೇನೋ.

ಏಳೂವರೆಗೆ ಕೆಲಸ ಮುಗಿಯಿತು. ಯಾರೂ ಕುಟ್ಟಪ್ಪನನ್ನು ಏನೂ ಕೇಳಲಿಲ್ಲ. ನನ್ನನ್ನೂ ಕೇಳಲಿಲ್ಲ. ಗಾಡಿಗಳು ಒಂದರ ಹಿಂದೊಂದು ಬೆಟ್ಟದ ಕಡೆ ಹೊರಟವು, ಎಂಟನೇ ನಂಬರು ಎಲ್ಲಕ್ಕಿಂತ ಮುಂದೆ. ಕುಟ್ಟಪ್ಪ ಹೋಟೆಲಿನ ಬೆಂಚಿನ ಒಂದು ತುದಿಯಲ್ಲಿ ಕೂತಿದ್ದ. ಬೇರೆ ಬೆಂಚು ಇರಲಿಲ್ಲ. ಜ್ಯಾಕನ್ನು ಕಾಲ ಬಳಿ ಇಟ್ಟುಕೊಂಡು ಇನ್ನೊಂದು ತುದಿಗೆ ನಾನು ಕೂತೆ. ವನಜಮ್ಮ ಎರಡು ಲೋಟ ಟೀ ತಂದು, ನಮ್ಮಿಬ್ಬರ ನಡುವೆ ಒಟ್ಟಿಗೇ ಇಟ್ಟು ಒಳಗೆ ಹೋದಳು.